ತೇರು ಹಿಂದೆ ಮುಂದೆ ಹೋಗಲಿ, ಬೋರ್ಡ್ ಸುಡದಿರಲಿ

ಪ್ರಶ್ನೆ: ದಸರಾ ಗೊಂಬೆ ಜೋಡಣೆಗೆ ಮಗಳು ರಟ್ಟಿನ ತೇರು ಮಾಡಿದ್ದಾಳೆ. ಎಸ್‌.ಪಿ. ರಸ್ತೆಯಲ್ಲಿ ಸಿಗುವ ಹಳದಿ ಗೇರ್ ಮೋಟರ್ ಹಾಕಿ, ಅದರ ಎರಡು ವೈರ್‌ಗಳನ್ನು ಆರ್ಡುಯಿನೊ ಊನೊ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಅದರ 8 ಮತ್ತು 9ನೇ ಪಿನ್‌ಗೆ ಕೊಟ್ಟಿದ್ದೇವೆ. ಪುಶ್ ಬಟನ್ ಒಂದು ಸಲ ಒತ್ತಿದರೆ ಮುಂದೆ, ಮತ್ತೆ ಒತ್ತಿದರೆ ಹಿಂದೆ ಹೋಗಬೇಕು. ಆದರೆ ಮೋಟರ್ ಮಿಸುಕಾಡಿ ನಿಲ್ಲುತ್ತದೆ. ಬಟನ್ ಕೂಡ ಒಂದೊಂದು ಸಲ ಎರಡು ಬಾರಿ ಒತ್ತಿದ ಹಾಗೆ ಆಡುತ್ತದೆ. ಏನು ತಪ್ಪಾಗಿದೆ?
– ಓದುಗರು, ಚಾಮರಾಜಪೇಟೆ, ಬೆಂಗಳೂರು

ಉತ್ತರ: ಮೊದಲು ಆ ಎರಡು ವೈರ್ ಕಿತ್ತುಬಿಡಿ. ಬೋರ್ಡ್ ಇನ್ನೂ ಬದುಕಿದ್ದರೆ ನಿಮ್ಮ ಅದೃಷ್ಟ!

ಊನೊದ ಒಂದು ಪಿನ್‌ನಿಂದ 20 ಮಿಲಿಆಂಪ್ ಕರೆಂಟ್ ತೆಗೆದುಕೊಳ್ಳಬಹುದು. 40 ಅದರ ಕೊನೆಯ ಮಿತಿ. ನಿಮ್ಮ ಮೋಟರ್ ಸುಮ್ನೆ ಖಾಲಿ ತಿರುಗುವಾಗಲೇ 100 ದಾಟುತ್ತದೆ. ತೇರಿನ ಭಾರ ಬಿದ್ದರೆ, ಚಕ್ರ ಸಿಕ್ಕಿಕೊಂಡರೆ ಅದರ ಹಲವು ಪಟ್ಟು ಕೇಳುತ್ತದೆ. ನಿಜವಾದ ತೇರಿನಲ್ಲೂ ಮುಂದೆ ನಿಂತು ಸೀಟಿ ಊದುವವರು ಬೇರೆ, ಹಗ್ಗ ಎಳೆಯುವವರು ಬೇರೆ ಅಲ್ವಾ? ಆರ್ಡುಯಿನೊ ಸೀಟಿ ಊದಲಿ. ಎಳೆಯುವುದಕ್ಕೆ ಡ್ರೈವರ್ ಐಸಿ, ಅಂದರೆ ಮೋಟರ್‌ಗೆ ಬೇಕಾದಷ್ಟು ಕರೆಂಟ್ ಕೊಡುವ ಚಿಪ್ ಬೇಕು.

ನಿಮಗೆ ಎಲ್‌293ಡಿ ಸಾಕು. ಒಂದು ಚಾನೆಲ್‌ಗೆ 600 ಮಿಲಿಆಂಪ್ ಕೊಡುತ್ತದೆ. ಒಳಗೆ ಇರುವುದು ಎಚ್ ಬ್ರಿಡ್ಜ್: ನಾಲ್ಕು ಸ್ವಿಚ್, ನಡುವಿನ ಅಡ್ಡಗೆರೆಯಲ್ಲಿ ಮೋಟರ್. ಮೂಲೆಯಿಂದ ಮೂಲೆಗೆ ಒಂದು ಜೋಡಿ ಮುಚ್ಚಿಕೊಂಡರೆ ಕರೆಂಟ್ ಎಡದಿಂದ ಬಲಕ್ಕೆ, ಇನ್ನೊಂದು ಜೋಡಿ ಮುಚ್ಚಿಕೊಂಡರೆ ಬಲದಿಂದ ಎಡಕ್ಕೆ. ತಿರುಗುವ ದಿಕ್ಕು ಬದಲಾಗುವುದು ಹೀಗೆ. ಮೋಟರ್ ನಿಂತಾಗ ಹಿಂದಕ್ಕೆ ಒದೆಯುವ ವೋಲ್ಟೇಜನ್ನು ತಡೆಯುವ ಡಯೋಡ್‌ಗಳೂ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಇದರೊಳಗೇ ಇವೆ. ಕೊಳ್ಳುವಾಗ ಕೊನೆಯ ‘ಡಿ’ ಅಕ್ಷರ ನೋಡಿಕೊಳ್ಳಿ. ಬರೀ ಎಲ್‌293ರಲ್ಲಿ ಆ ಡಯೋಡ್ ಇರುವುದಿಲ್ಲ.

ಜೋಡಣೆ ಹೀಗೆ. ಐಸಿಯ 16ನೇ ಕಾಲಿಗೆ ಮತ್ತು 1ನೇ ಕಾಲಿಗೆ ಆರ್ಡುಯಿನೊದ 5 ವೋಲ್ಟ್. 8ನೇ ಕಾಲಿಗೆ ಮೋಟರ್‌ನ ಬ್ಯಾಟರಿ. 2 ಮತ್ತು 7ಕ್ಕೆ ನಿಮ್ಮ 8, 9ನೇ ಪಿನ್‌ಗಳು. 3 ಮತ್ತು 6ಕ್ಕೆ ಮೋಟರ್. 4, 5, 12, 13 ನೆಗೆಟಿವ್‌ಗೆ. ಬ್ಯಾಟರಿಯ ನೆಗೆಟಿವ್ ಮತ್ತು ಆರ್ಡುಯಿನೊದ ಗ್ರೌಂಡ್ ಎರಡನ್ನೂ ಸೇರಿಸಲೇಬೇಕು. ಎಲ್ಲ ಸರಿಯಿದೆ, ಆದರೂ ಓಡುತ್ತಿಲ್ಲ ಎಂದು ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಮರೆತಿರುವುದು ಇದೊಂದು ವೈರನ್ನೇ.

ಬ್ಯಾಟರಿ ವಿಷಯ. ಮಲ್ಟಿಮೀಟರ್‌ಗೆ ಹಾಕುವ ಚೌಕದ 9 ವೋಲ್ಟ್ ಬ್ಯಾಟರಿ ಬೇಡ, ಮೋಟರ್ ಎಳೆದ ಕೂಡಲೇ ಕುಸಿಯುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿ. ಈ ಹಳೆಯ ಐಸಿ ಎರಡು ವೋಲ್ಟ್‌ಗಿಂತ ಜಾಸ್ತಿ ತಾನೇ ನುಂಗುತ್ತದೆ, ಹಾಗಾಗಿ ತೇರು ನಿಧಾನವಾಗಿ ಹೋಗುತ್ತದೆ. ತೇರಿಗೆ ಅದೇ ಚೆಂದ!

ಇನ್ನು ಬಟನ್. ಒಳಗಿನ ತಗಡು ಒತ್ತಿದಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ನಿಮ್ಮ ಬೆರಳು ಒತ್ತಿದ್ದು ಒಂದೇ ಸಲ, ಆರ್ಡುಯಿನೊ ಎಣಿಸಿದ್ದು ಎರಡು ಮೂರು ಸಲ. ಬಟನ್‌ನ ಒಂದು ಕಾಲು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ ಕೊಡಿ. ಕೋಡ್‌ನಲ್ಲಿ ಆ ಪಿನ್ನನ್ನು ಇನ್‌ಪುಟ್ ಪುಲ್‌ಅಪ್ (INPUT_PULLUP) ಎಂದು ಇಡಿ. ಆಗ ಒತ್ತಿದರೆ ‘ಲೋ’, ಬಿಟ್ಟರೆ ‘ಹೈ’. ‘ಲೋ’ ಕಂಡ ಮೇಲೆ 50 ಮಿಲಿಸೆಕೆಂಡ್ ಕಾದು ಮತ್ತೆ ಓದಿ. ಆಗಲೂ ‘ಲೋ’ ಇದ್ದರೆ ಮಾತ್ರ ದಿಕ್ಕು ಬದಲಿಸಿ, ಬೆರಳು ತೆಗೆಯುವ ತನಕ ಕಾಯಿರಿ. ಬದಲಿಸುವ ಮುಂಚೆ 8, 9 ಎರಡು ಪಿನ್ನನ್ನೂ ‘ಲೋ’ ಮಾಡಿ ಅರ್ಧ ಸೆಕೆಂಡ್ ನಿಲ್ಲಿಸಿ. ಓಡುವ ಮೋಟರನ್ನು ಒಮ್ಮೆಲೇ ತಿರುಗಿಸಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ.

ಒಂದು ಮಾತು ಹೇಳಲೇ? ಬರೀ ಕೈಯಲ್ಲಿ ಹಿಂದೆ ಮುಂದೆ ಮಾಡುವುದಾದರೆ ಆರ್ಡುಯಿನೊ ಬೇಕಾಗಿಯೇ ಇಲ್ಲ. ಆರು ಕಾಲಿನ ಡಿಪಿಡಿಟಿ ಸ್ವಿಚ್ (ಎರಡು ವೈರನ್ನು ಒಟ್ಟಿಗೆ ಅತ್ತ ಇತ್ತ ಬದಲಿಸುವ ಸ್ವಿಚ್) ತನ್ನಿ. ನಡುವಿನ ಎರಡು ಕಾಲಿಗೆ ಮೋಟರ್, ಒಂದು ತುದಿಯ ಎರಡು ಕಾಲಿಗೆ ಬ್ಯಾಟರಿ, ಅಲ್ಲಿಂದ ಇನ್ನೊಂದು ತುದಿಗೆ ಅಡ್ಡಡ್ಡ ಎರಡು ವೈರ್. ಕೆಲಸ ಮುಗಿಯಿತು. ಆದರೆ ತೇರು ಹಲಗೆಯ ತುದಿ ಮುಟ್ಟಿ ತಾನಾಗಿಯೇ ಹಿಂದಿರುಗಬೇಕು ಅಂತ ಮಗಳಿಗೆ ಆಸೆಯಿದ್ದರೆ ಆರ್ಡುಯಿನೊ ಇರಲಿ, ಎರಡೂ ತುದಿಯಲ್ಲಿ ತೇರು ತಾಗಿದರೆ ಒತ್ತಿಕೊಳ್ಳುವ ಒಂದೊಂದು ಲಿಮಿಟ್ ಸ್ವಿಚ್ ಇಡಿ.

ಮೊದಲ ಸಲ ತೇರು ಉಲ್ಟಾ ಹೊರಟರೆ ಕೋಡ್ ಮುಟ್ಟಬೇಡಿ. ಮೋಟರ್‌ನ ಎರಡು ವೈರ್ ಅದಲು ಬದಲು ಮಾಡಿ ಸಾಕು.