ಗೇಟಿನ ಬಳಿ ಸೋದರಮಾವನನ್ನು ಯಾಕೆ ತಡೆದರು?

ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ಈ ಸಲ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಒಂದೇ ತಿಂಗಳಲ್ಲಿ ಶಾಲೆಯವರ ಜೊತೆ ಆರು ವಿಷಯಕ್ಕೆ ಮನಸ್ತಾಪ ಆಗಿದೆಯಂತೆ. 10 ನಿಮಿಷ ತಡವಾಗಿ ಹೋದಾಗ ಮಗಳನ್ನು ನೇರ ಕ್ಲಾಸಿಗೆ ಬಿಡದೆ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡರು. ಆಮೇಲೆ ಅವಳನ್ನು ಒಂದು ಪಿರಿಯಡ್ ಪೂರ್ತಿ ಹೊರಗೆ ನಿಲ್ಲಿಸಿದರು. ಇನ್ನೊಂದು ದಿನ ಮಗಳನ್ನು ಕರೆತರಲು ತಮ್ಮನನ್ನು ಕಳಿಸಿದರೆ, ಮಗು ‘ಮಾಮಾ’ ಅಂತ ಓಡಿ ಬಂದರೂ ಗೇಟಿನಲ್ಲಿ ಬಿಡಲಿಲ್ಲ. ಬ್ಯಾಗಿನಲ್ಲಿ ಇಟ್ಟು ಕಳಿಸಿದ ಜ್ವರದ ಸಿರಪ್ ಹಾಗೇ ವಾಪಸ್ ಬಂತು. ರಾತ್ರಿ 9 ಗಂಟೆಗೆ ಕ್ಲಾಸ್ ಟೀಚರಿಗೆ ಕಳಿಸಿದ ಮೆಸೇಜಿಗೆ ಮರುದಿನದವರೆಗೂ ಉತ್ತರವಿಲ್ಲ. ‘ತಲೆಯಲ್ಲಿ ಹೇನಿರುವ ಹುಡುಗಿಯನ್ನು ಕ್ಲಾಸಿನಲ್ಲಿ ಕೂರಿಸಿಕೊಳ್ತಾರೆ, ಸ್ವಲ್ಪ ಮೈ ಬಿಸಿಯಾದ ನನ್ನ ಮಗಳನ್ನು ಮನೆಗೆ ಕಳಿಸ್ತಾರೆ, ಇದ್ಯಾವ ನ್ಯಾಯ? ಈ ನಿಯಮಗಳೆಲ್ಲ ಮಕ್ಕಳಿಗಾಗಿ ಇವೆಯಾ, ಇಲ್ಲಾ ನಮ್ಮನ್ನು ಸತಾಯಿಸಲಿಕ್ಕಾ?’ ಎಂದು ಕೇಳಿದ್ದಾರೆ.

ಆತ್ಮೀಯರೇ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಿಮ್ಮ ಸಿಟ್ಟು ಕಾಣಿಸಿತು. ಎರಡನೇ ಸಲ ಓದಿದಾಗ ಬೇರೊಂದು ಕಾಣಿಸಿತು. ಈ ಆರರಲ್ಲಿ ಒಂದಕ್ಕೂ ‘ಯಾಕೆ’ ಅಂತ ನಿಮಗೆ ಯಾರೂ ಹೇಳಿಲ್ಲ. ಅದು ಶಾಲೆಯ ತಪ್ಪೇ. ಆದರೆ ಹೇಳಲಿಲ್ಲ ಅಂದ ಮಾತ್ರಕ್ಕೆ ಕಾರಣವೇ ಇಲ್ಲ ಅಂತಲ್ಲ. ಆರರಲ್ಲಿ ಐದರಲ್ಲಿ ನಾನು ಶಾಲೆಯ ಕಡೆ. ಒಂದರಲ್ಲಿ ಪೂರ್ತಿ ನಿಮ್ಮ ಕಡೆ.

ತಡವಾಗಿ ಬಂದ ದಿನದಿಂದಲೇ ಶುರು ಮಾಡೋಣ. ಬೆಳಿಗ್ಗೆ ಹಾಜರಿ ಕರೆಯುವುದನ್ನು ನಾವೆಲ್ಲ ಒಂದು ಹಳೇ ಶಾಸ್ತ್ರ ಅಂದುಕೊಂಡಿದ್ದೇವೆ. ನಿಜವಾಗಿ ನೋಡಿದರೆ ಇಡೀ ದಿನದಲ್ಲಿ ಶಾಲೆ ಮಾಡುವ ತುಂಬಾ ಮುಖ್ಯವಾದ ಕೆಲಸಗಳಲ್ಲಿ ಅದೂ ಒಂದು. ಈ ಹೊತ್ತಿನಲ್ಲಿ ಯಾವ ಯಾವ ಮಗು ನಮ್ಮ ಕೈಯಲ್ಲಿದೆ ಎನ್ನುವ ಪಟ್ಟಿ ಅದು. ನಿಮ್ಮ ಮಗಳು ತಡವಾಗಿ ಬಂದು, ಟೀಚರ್ ಬೋರ್ಡಿನ ಕಡೆ ತಿರುಗಿದ್ದಾಗ ಸುಮ್ನೆ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅವಳು ಬಂದೇ ಇಲ್ಲ. ಅವತ್ತು ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡರೆ ಮಕ್ಕಳನ್ನೆಲ್ಲ ಮೈದಾನಕ್ಕೆ ತಂದು ಆ ಪಟ್ಟಿ ಹಿಡಿದೇ ಎಣಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದ ಮಗು ಒಳಗೆ ಶೌಚಾಲಯದಲ್ಲಿ ಉಳಿದಿದ್ದರೆ ಅವಳನ್ನು ಹುಡುಕಬೇಕು ಅಂತ ಯಾರಿಗೆ ಹೊಳೆಯಬೇಕು? ಆಫೀಸಿನಲ್ಲಿ ನೀವು ಹಾಕುವ ಒಂದು ಸಹಿ ಆ ಪಟ್ಟಿಯನ್ನು ಸರಿ ಮಾಡುತ್ತದೆ. ನಿಮ್ಮನ್ನು ನಾಚಿಸಲಿಕ್ಕೆ ಅಲ್ಲ ಅದು.

ಇದರ ಇನ್ನೊಂದು ಮುಖವೂ ಇದೆ. ಮಗು ಬರದಿದ್ದರೆ ಬೆಳಿಗ್ಗೆಯೇ ತಿಳಿಸಿ ಅಂತ ಶಾಲೆಗಳು ಕೇಳುತ್ತವೆ. ತಿಳಿಸದಿದ್ದರೆ ಎಷ್ಟೋ ಕಡೆ ಆಫೀಸಿನಿಂದ ಫೋನ್ ಬರುತ್ತದೆ. ‘ರಜೆ ಹಾಕಿದರೂ ವಿಚಾರಣೆನಾ’ ಅಂತ ಕೆಲವರಿಗೆ ಕಿರಿಕಿರಿ ಆಗುತ್ತದೆ. ಯೋಚಿಸಿ ನೋಡಿ. ಮಗು ಶಾಲೆಗೆ ಹೋಗಿದೆ ಅಂತ ನೀವು ನಂಬಿದ್ದೀರಿ, ಮಗು ಮನೆಯಲ್ಲೇ ಇದೆ ಅಂತ ಶಾಲೆ ನಂಬಿದೆ, ಮಗು ಎರಡೂ ಕಡೆ ಇಲ್ಲ. ಸಂಜೆಯವರೆಗೆ ಅದು ಯಾರಿಗೂ ಗೊತ್ತಾಗದೆ ಇರಬಾರದು ಅಂತಲೇ ಆ ಫೋನ್. ಆ ಫೋನ್ ಮಾಡದ ಶಾಲೆಯಾದರೆ ಮಾಡಿ ಅಂತ ನಾವೇ ಒತ್ತಾಯಿಸಬೇಕು.

ಈಗ ನಿಮ್ಮ ತಮ್ಮನ ವಿಷಯ. ಪತ್ರದಲ್ಲಿ ನಿಮಗೆ ಜಾಸ್ತಿ ನೋವಾಗಿದ್ದು ಇದೇ ಅನಿಸಿತು. ಸ್ವಂತ ಸೋದರಮಾವ, ಮಗುವೇ ಓಡಿ ಬಂದು ಕೈ ಹಿಡಿದಿದೆ, ಅದಕ್ಕಿಂತ ಸಾಕ್ಷಿ ಬೇಕಾ ಅಂತ ಕೇಳಿದ್ದೀರಿ. ಬೇಕು. ಮಗುವಿಗೆ ಒಬ್ಬರ ಗುರುತಿದೆ ಎನ್ನುವುದು ಬೇರೆ, ಅವರ ಜೊತೆ ಕಳಿಸಲು ಅಪ್ಪ ಅಮ್ಮ ಒಪ್ಪಿದ್ದಾರೆ ಎನ್ನುವುದು ಬೇರೆ. ಮಕ್ಕಳನ್ನು ಹೇಳದೆ ಕೇಳದೆ ಕರೆದುಕೊಂಡು ಹೋಗುವವರು ಯಾವಾಗಲೂ ಅಪರಿಚಿತರೇ ಆಗಿರುವುದಿಲ್ಲ. ಮಗು ನಗುತ್ತಾ ಓಡಿ ಹೋಗುವಷ್ಟು ಪರಿಚಯ ಇರುವವರೂ ಇರುತ್ತಾರೆ. ಮನೆಯೊಳಗೆ ಯಾವ ಜಗಳ ನಡೆದಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅಂತ ಗೇಟಿನಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು ಹೇಳಿ. ಅವರ ಕೈಯಲ್ಲಿ ಇರುವುದು ನೀವು ವರ್ಷದ ಮೊದಲಲ್ಲಿ ತುಂಬಿ ಕೊಟ್ಟ ಹೆಸರುಗಳು ಮಾತ್ರ.

‘ಫೋನ್ ಮಾಡಿ ಹೇಳಿದ್ದೆನಲ್ಲ’ ಅಂತಲೂ ಬರೆದಿದ್ದೀರಿ. ನಾನು ಇಂಥವಳ ತಾಯಿ ಅಂತ ಫೋನಿನಲ್ಲಿ ಯಾರು ಬೇಕಾದರೂ ಹೇಳಬಹುದು ಅಲ್ವಾ? ಸರಿಯಾದ ಕ್ರಮ ಅಂದರೆ ನಿಮ್ಮ ಕರೆ ಬಂದ ಮೇಲೆ ಶಾಲೆಯವರು ತಮ್ಮ ದಾಖಲೆಯಲ್ಲಿರುವ ನಂಬರಿಗೆ ತಾವೇ ತಿರುಗಿ ಕರೆ ಮಾಡಿ ಖಚಿತ ಮಾಡಿಕೊಳ್ಳುವುದು, ಬಂದವರ ಗುರುತಿನ ಚೀಟಿ ನೋಡುವುದು. ನಿಮ್ಮ ಶಾಲೆ ತಿರುಗಿ ಕರೆ ಮಾಡಲಿಲ್ಲ ಅಂದರೆ ಅದನ್ನು ಕೇಳಿ. ತಡೆದಿದ್ದಕ್ಕೆ ಬೈಯಬೇಡಿ. ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕು ಅಂತ ನ್ಯಾಯಾಲಯ ಹೇಳಿರುವ ಮನೆಗಳಲ್ಲಂತೂ ಆ ಆದೇಶದ ಒಂದು ಪ್ರತಿ ಶಾಲೆಯ ಆಫೀಸಿನಲ್ಲಿ ಇರಲೇಬೇಕು. ಬಾಯಿಮಾತಿನ ಮೇಲೆ ಒಬ್ಬ ತಂದೆಯನ್ನೋ ತಾಯಿಯನ್ನೋ ಗೇಟಿನಲ್ಲಿ ತಡೆಯುವ ಅಧಿಕಾರ ಶಾಲೆಗೆ ಸಾಮಾನ್ಯವಾಗಿ ಇರುವುದಿಲ್ಲ.

ನಂಬರ್ ಅಂದಾಗ ನೆನಪಾಯಿತು. ನನ್ನ ಮಗ ಒಂದನೇ ತರಗತಿಯಲ್ಲಿದ್ದಾಗ ನಾನು ಫೋನ್ ನಂಬರ್ ಬದಲಾಯಿಸಿದೆ. ಗೆಳೆಯರಿಗೆ, ನೆಂಟರಿಗೆ, ಬ್ಯಾಂಕಿಗೆ ಎಲ್ಲರಿಗೂ ತಿಳಿಸಿದೆ, ಶಾಲೆಗೆ ತಿಳಿಸುವುದು ಮರೆತೆ. ಒಂದು ಮಧ್ಯಾಹ್ನ ಅವನು ಆಟದ ಮೈದಾನದಲ್ಲಿ ಬಿದ್ದು ಗಲ್ಲ ಒಡೆದುಕೊಂಡ. ಶಾಲೆಯವರು ಹಳೇ ನಂಬರಿಗೆ ಕರೆ ಮಾಡುತ್ತಲೇ ಇದ್ದರು. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದುಕೊಂಡು ಆ ಟೀಚರ್ ಅವನ ಪಕ್ಕದಲ್ಲೇ ಕೂತಿದ್ದರು. ನಾನು ಹೋಗುವಷ್ಟರಲ್ಲಿ ಹುಡುಗ ಅತ್ತೂ ಅತ್ತೂ ಸುಸ್ತಾಗಿದ್ದ. ಮೊದಲು ಕೇಳಿದ್ದೇ ‘ಅಪ್ಪಾ, ನೀನ್ಯಾಕೆ ಫೋನ್ ಎತ್ತಲಿಲ್ಲ?’ ಎಂದು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ನಿಮ್ಮಿಬ್ಬರ ನಂಬರ್ ಜೊತೆಗೆ ಹತ್ತಿರದಲ್ಲೇ ಇರುವ, ಹಗಲು ಹೊತ್ತು ಫೋನ್ ಎತ್ತುವ ಇನ್ನೊಬ್ಬರ ನಂಬರೂ ಕೊಟ್ಟಿರಿ.

ಸಿರಪ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ, ನೀವು ಎರಡನ್ನೂ ಸೇರಿಸಿಬಿಟ್ಟಿದ್ದೀರಿ. ಒಂದು, ಜ್ವರ ಇರುವ ಮಗುವನ್ನು ಶಾಲೆಗೆ ಕಳಿಸಬಹುದಾ ಅನ್ನುವುದು. 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ ಹೋದರೆ ಜ್ವರ ಅಂತ ಸಾಮಾನ್ಯವಾಗಿ ಲೆಕ್ಕ. ಔಷಧಿ ಕೊಡದೆಯೇ 24 ಗಂಟೆ ಜ್ವರ ಬಾರದೆ ಇದ್ದ ಮೇಲೆ ಕಳಿಸಿ ಅಂತ ಬಹಳ ಕಡೆ ನಿಯಮ ಇದೆ. ‘ಔಷಧಿ ಕೊಡದೆಯೇ’ ಅನ್ನುವುದೇ ಅದರ ಜೀವ. ಬೆಳಿಗ್ಗೆ 7ಕ್ಕೆ ಕೊಟ್ಟ ಪ್ಯಾರಸಿಟಮಾಲ್ 4ರಿಂದ 6 ಗಂಟೆ ಕೆಲಸ ಮಾಡುತ್ತದೆ. ಅಂದರೆ 11ರಿಂದ 1 ಗಂಟೆ ಹೊತ್ತಿಗೆ ಮೈ ಮತ್ತೆ ಸುಡಲು ಶುರು. ಔಷಧಿ ಜ್ವರವನ್ನು ಇಳಿಸಿತ್ತೇ ಹೊರತು ಸೋಂಕನ್ನಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರಿಗೂ ಅದು ಹರಡಿರಬಹುದು. ವಾಂತಿ ಭೇದಿ ಆದರೆ ನಿಂತ ಮೇಲೂ ಕೆಲವು ಕಡೆ 24 ಗಂಟೆ, ಕೆಲವು ಕಡೆ 48 ಗಂಟೆ ಮನೆಯಲ್ಲಿ ಇರಿಸಿ ಅನ್ನುತ್ತಾರೆ. ಸೀತಾಳೆ ಸಿಡುಬಿಗೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ. ದಡಾರಕ್ಕೆ ಮೈಮೇಲೆ ಗಂಧೆ ಎದ್ದ ದಿನದಿಂದ 4 ದಿನ ಕಳೆಯುವವರೆಗೆ. ದಡಾರದ ವಿಷಯದಲ್ಲಂತೂ ಯಾರೂ ಸಲಿಗೆ ಕೇಳಬಾರದು, ರೋಗಿ ಎದ್ದು ಹೋದ ಮೇಲೂ ಆ ವೈರಸ್ 2 ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು.

ಇನ್ನೊಂದು, ಔಷಧಿಯನ್ನು ಬ್ಯಾಗಿನಲ್ಲಿ ಇಡಬಹುದಾ ಅನ್ನುವುದು. ಏಳು ವರ್ಷದ ಮಗುವಿನ ಬ್ಯಾಗಿನಲ್ಲಿರುವ ಸಿಹಿ ಸಿರಪ್ ಬರೀ ಅವಳ ಸಿರಪ್ ಆಗಿ ಉಳಿಯುವುದಿಲ್ಲ, ಪಕ್ಕದ ಗೆಳತಿಯೂ ಒಂದು ಮುಚ್ಚಳ ಕುಡಿದು ನೋಡುತ್ತಾಳೆ. ಜೊತೆಗೆ ಪ್ರಮಾಣದ ಪ್ರಶ್ನೆ. ಮಕ್ಕಳಿಗೆ ಪ್ಯಾರಸಿಟಮಾಲ್ ಅವರ ತೂಕ ನೋಡಿ ಕೊಡುವಂಥದ್ದು, ಮಿತಿ ಮೀರಿದರೆ ಯಕೃತ್ತಿಗೆ ಪೆಟ್ಟು. ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಎಷ್ಟು ಕೊಟ್ಟಿರಿ ಅಂತ ಟೀಚರಿಗೆ ಗೊತ್ತಿಲ್ಲ. ಅವರು ಕೊಡಲ್ಲ ಅಂದಿದ್ದು ನಿಮ್ಮ ಮಗಳ ಒಳ್ಳೆಯದಕ್ಕೇ. ಶಾಲೆಯಲ್ಲಿ ಔಷಧಿ ಕೊಡಲೇಬೇಕಾದಾಗ ದಾರಿ ಇದೆ. ಅಂಗಡಿಯಿಂದ ತಂದ ಮೂಲ ಬಾಟಲಿಯಲ್ಲೇ ಇರಬೇಕು, ಮಗುವಿನ ಹೆಸರು, ಎಷ್ಟು, ಯಾವಾಗ ಅಂತ ಬರೆದಿರಬೇಕು, ವೈದ್ಯರ ಚೀಟಿ ಮತ್ತು ನಿಮ್ಮ ಸಹಿ ಇರುವ ಒಪ್ಪಿಗೆ ಜೊತೆಗಿರಬೇಕು. ಅದನ್ನು ದೊಡ್ಡವರೇ ಆಫೀಸಿಗೆ ತಂದು ಕೊಡಬೇಕು.

ಆದರೆ ಅಸ್ತಮಾದ ಇನ್ಹೇಲರ್, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಇವನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಇಲ್ಲಿ ನಿಮಿಷಗಳ ಪ್ರಶ್ನೆ. ಬೀಗ ಹಾಕಿದ ಕಪಾಟಿನ ಕೀ ಯಾರ ಬಳಿ ಇದೆ ಅಂತ ಹುಡುಕುವ ಹೊತ್ತಲ್ಲ ಅದು. ಕೈಗೆ ಸಿಗುವ ಜಾಗದಲ್ಲಿ ಇರಬೇಕು, ಕ್ಲಾಸ್ ಟೀಚರಿಗೆ ಮಾತ್ರವಲ್ಲ, ಅವರು ರಜೆ ಇದ್ದ ದಿನ ಬರುವವರಿಗೂ ಗೊತ್ತಿರಬೇಕು. ಡಬ್ಬಿಯ ಊಟ ಹಂಚಿಕೊಂಡು ತಿನ್ನಬೇಡಿ ಅಂತ ಶಾಲೆಗಳು ಹೇಳುವುದು ಇದಕ್ಕೇ. ಹಂಚಿ ತಿನ್ನುವುದು ಒಳ್ಳೆಯ ಗುಣ ಅಂತ ಮಕ್ಕಳಿಗೆ ಕಲಿಸಿದ ನಮಗೆ ಈ ನಿಯಮ ಚುಚ್ಚುತ್ತದೆ, ನನಗೂ ಮೊದಲು ಚುಚ್ಚಿತ್ತು. ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಮಗುವೊಂದು ಅದೇ ಬೆಂಚಿನಲ್ಲಿ ಇರಬಹುದು ಅಂತ ತಿಳಿದ ಮೇಲೆ ಒಪ್ಪಿಕೊಂಡೆ.

ಇನ್ನು ಹೇನಿನ ನ್ಯಾಯ. ಆ ಹುಡುಗಿಯನ್ನು ಯಾಕೆ ಕೂರಿಸಿಕೊಂಡರು ಅಂದರೆ ಹೇನು ಯಾವ ಕಾಯಿಲೆಯನ್ನೂ ತರುವುದಿಲ್ಲ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ. ಹೆಚ್ಚಾಗಿ ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ, ಅಷ್ಟೇ. ಕಣ್ಣಿಗೆ ಬೀಳುವ ಹೊತ್ತಿಗೆ ಅದು ತಲೆ ಸೇರಿ ಎಷ್ಟೋ ವಾರ ಆಗಿರುತ್ತದೆ, ಇವತ್ತು ಮನೆಗೆ ಕಳಿಸಿ ಏನೂ ಸಾಧಿಸಿದಂತಾಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೇನಿನ ಕಾರಣಕ್ಕೆ ಮಗುವನ್ನು ಶಾಲೆಯಿಂದ ದೂರ ಇಡಬಾರದು ಅಂತಲೇ ಹೇಳುತ್ತದೆ. ಹೇನಾಗಿದೆ ಅಂದರೆ ಕೊಳಕು ಮನೆ ಅಂತಲೂ ಅಲ್ಲ, ದಿನಾ ತಲೆ ತೊಳೆದರೂ ಬರುತ್ತದೆ. ದಯವಿಟ್ಟು ಆ ಹುಡುಗಿಯ ಬಗ್ಗೆ ನಿಮ್ಮ ಮಗಳ ಮುಂದೆ ಆಡಿಕೊಳ್ಳಬೇಡಿ. ಏಳು ವರ್ಷದ ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ಮರುದಿನ ಕ್ಲಾಸಿನಲ್ಲಿ ಅನ್ನುತ್ತಾರೆ, ಆ ಮಗು ಅದನ್ನು ವರ್ಷಗಟ್ಟಲೆ ಹೊತ್ತುಕೊಂಡಿರುತ್ತದೆ.

ರಾತ್ರಿಯ ಮೆಸೇಜಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೀಚರಿಗೂ ಮನೆ ಇದೆ. ತುರ್ತು ಇದ್ದರೆ ಆಫೀಸಿಗೆ ಫೋನ್, ಉಳಿದಿದ್ದಕ್ಕೆ ಡೈರಿಯಲ್ಲಿ ಎರಡು ಸಾಲು ಸಾಕು.

ಈಗ ನಿಮ್ಮ ಕಡೆಗೆ ನಿಲ್ಲುವ ಮಾತು. ತಡವಾಗಿದ್ದಕ್ಕೆ ಮಗುವನ್ನು ಒಂದು ಪಿರಿಯಡ್ ಹೊರಗೆ ನಿಲ್ಲಿಸಿದ್ದು ಸರಿಯಲ್ಲ, ಯಾವ ಕಾರಣ ಕೊಟ್ಟರೂ ಸರಿಯಲ್ಲ. ಎರಡನೇ ತರಗತಿಯ ಮಗು ತಾನಾಗಿ ತಡ ಮಾಡುವುದಿಲ್ಲ. ಅವಳನ್ನು ಎಬ್ಬಿಸುವುದು, ರೆಡಿ ಮಾಡುವುದು, ತಂದು ಬಿಡುವುದು ಎಲ್ಲವೂ ದೊಡ್ಡವರ ಕೈಯಲ್ಲಿದೆ. ನಮ್ಮ ತಪ್ಪಿಗೆ ಅವಳನ್ನು ಎಲ್ಲರೆದುರು ನಿಲ್ಲಿಸುವುದು ಎಂಥ ಶಿಸ್ತು? 10 ನಿಮಿಷದ ಪಾಠ ತಪ್ಪಿತು ಅಂತ ಬೇಸರ ಇದ್ದವರು 40 ನಿಮಿಷದ ಪಾಠ ತಪ್ಪಿಸಿದ ಹಾಗಾಯಿತು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯಲ್ಲಿ ಈ ಮಾತು ನೇರವಾಗಿಯೇ ಇದೆ. ಶಾಲೆಯ ಶಿಸ್ತು ಮಗುವಿನ ಘನತೆಗೆ ಹೊಂದುವ ಹಾಗೆ ಇರಬೇಕು ಅಂತ. ಅದೇ ವಿಧಿ ಮಕ್ಕಳು ತಪ್ಪದೆ ಶಾಲೆಗೆ ಬರುವಂತೆ ಮಾಡಿ ಅಂತಲೂ ಹೇಳುತ್ತದೆ. ಹೊರಗೆ ನಿಲ್ಲಿಸುವ ಶಾಲೆಗೆ ಮಗು ಖುಷಿಯಿಂದ ಬರುತ್ತದಾ? ಮರುದಿನ ಅವಳಿಗೆ ಬೆಳಿಗ್ಗೆಯೇ ಹೊಟ್ಟೆನೋವು ಬಂತು ಅಂತ ನೀವೇ ಬರೆದಿದ್ದೀರಿ. ಅದನ್ನು ನಾಟಕ ಅಂದುಕೊಳ್ಳಬೇಡಿ.

ಹಾಗೆಯೇ, ಪತ್ರದ ಕೊನೆಯಲ್ಲಿ ಸುಮ್ನೆ ಎಂಬಂತೆ ಬರೆದ ಮಾತು, ಅವಳಿಗೆ ತಿಂಗಳಿಗೆ ಎರಡು ಮೂರು ದಿನ ರಜೆ ಆಗುತ್ತೆ ಅಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಕ್ಕೆ ಒಂಬತ್ತು ತಿಂಗಳು, 180 ದಿನ ಶಾಲೆ ಅಂದುಕೊಂಡರೆ ತಿಂಗಳಿಗೆ ಎರಡು ದಿನ ತಪ್ಪಿದರೂ ವರ್ಷಕ್ಕೆ ಸುಮಾರು 18 ದಿನ. ಶೇಕಡಾ 10. ಅಷ್ಟು ಗೈರುಹಾಜರಿಯನ್ನು ಗಂಭೀರ ಅಂತ ಗುರುತಿಸುವ ಕಡೆಗಳಿವೆ. ಓದು ಬರಹ ಕಲಿಯುವ ಈ ವಯಸ್ಸಿನಲ್ಲಿ ಒಂದು ಅಕ್ಷರ, ಒಂದು ಲೆಕ್ಕದ ಮೆಟ್ಟಿಲು ತಪ್ಪಿದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಯಿಲೆಯಿಂದ ತಪ್ಪಿದರೆ ಬೇರೆ ಮಾತು, ಅದಕ್ಕೆ ಯಾರೂ ದೂರಬಾರದು. ‘ಒಂದೂ ದಿನ ತಪ್ಪಿಸದವರಿಗೆ ಬಹುಮಾನ’ ಅಂತ ಕೊಡುವುದೂ ನನಗೆ ಹಿಡಿಸುವುದಿಲ್ಲ, ಜ್ವರದಲ್ಲೂ ಕಳಿಸಿ ಅಂತ ನಾವೇ ಹೇಳಿದ ಹಾಗಾಗುತ್ತದೆ.

ನನ್ನ ಸಲಹೆ ಇಷ್ಟು. ನಾಳೆ ಆಫೀಸಿಗೆ ಹೋಗಿ ಮಗಳ ಫಾರಂ ತೆಗೆಸಿ ನೋಡಿ. ತಮ್ಮನ ಹೆಸರು, ನಂಬರ್, ಫೋಟೋ ಸೇರಿಸಿ. ಅವನಿಗೂ ಗುರುತಿನ ಚೀಟಿ ತರಲು ಹೇಳಿಡಿ. ಮಗಳ ಜೊತೆ ಕೂತು ಒಂದು ಗುಟ್ಟಿನ ಪದ ಆರಿಸಿಕೊಳ್ಳಿ. ಅಮ್ಮ ಕಳಿಸಿದ್ದಾರೆ ಅಂತ ಯಾರೇ ಬಂದರೂ ಆ ಪದ ಹೇಳದಿದ್ದರೆ ಹೋಗಬಾರದು ಅಂತ ಅವಳಿಗೆ ಹೇಳಿಕೊಡಿ, ಮಕ್ಕಳು ಇದನ್ನು ಬಹಳ ಇಷ್ಟಪಟ್ಟು ಕಲಿಯುತ್ತಾರೆ.

ಹೊರಗೆ ನಿಲ್ಲಿಸಿದ ವಿಷಯವನ್ನು ಮಾತ್ರ ಬಾಯಲ್ಲಿ ಹೇಳಿ ಬರಬೇಡಿ. ಮೊದಲು ಕ್ಲಾಸ್ ಟೀಚರ್ ಜೊತೆ ಸಮಯ ಕೇಳಿಕೊಂಡು ಕೂತು ಮಾತಾಡಿ, ಅವರ ಮಾತೂ ಕೇಳಿ. ಆಮೇಲೆ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆಯಿರಿ. ತಾರೀಕು, ಎಷ್ಟು ಹೊತ್ತು ನಿಲ್ಲಿಸಿದರು, ಮರುದಿನ ಮಗು ಹೇಗಿದ್ದಳು, ಇನ್ನು ಮುಂದೆ ತಡವಾದರೆ ಏನು ಮಾಡುತ್ತೀರಿ ಅನ್ನುವ ಪ್ರಶ್ನೆ. ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಉಳಿದ ಐದು ದೂರುಗಳನ್ನು ಅದರಲ್ಲಿ ಸೇರಿಸಬೇಡಿ. ಉತ್ತರ ಬಂದ ಮೇಲೆ ನಮಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ