ಹಳೇ ಒಮೆಗಾ ಹರಾಜು: ಎಷ್ಟರವರೆಗೆ ಕೂಗಬಹುದು?

ನಮಸ್ಕಾರ ಸರ್. ನೀವು ಹಾಕಿದ ಆರು ಫೋಟೊಗಳನ್ನು ರಾತ್ರಿ ದೊಡ್ಡದು ಮಾಡಿಕೊಂಡು ನೋಡಿದೆ. 60ರ ದಶಕದ ಒಮೆಗಾ ಸೀಮಾಸ್ಟರ್ ಆಟೊಮ್ಯಾಟಿಕ್ ವಾಚ್, ಆನ್‌ಲೈನ್ ಹರಾಜು, ಈಗ 38 ಸಾವಿರಕ್ಕೆ ನಿಂತಿದೆ, ಇನ್ನು ಮೂರು ದಿನ ಬಾಕಿ, ಎಷ್ಟರವರೆಗೆ ಹೋಗಬಹುದು ಅಂತ ಕೇಳಿದ್ದೀರಿ. ಬೆಲೆ ಆಮೇಲೆ ಹೇಳುತ್ತೇನೆ. ಮೊದಲು ಅಲ್ಲಿ ಇಲ್ಲದ ಏಳನೇ ಫೋಟೊ ಕೇಳಿ. ಹಿಂದಿನ ಮುಚ್ಚಳ ತೆಗೆದು, ಮೆಷಿನ್ ಕಾಣುವ ಹಾಗೆ ತೆಗೆದದ್ದು. ನೀವು ಮಂಡ್ಯದವರು, ಬೆಲ್ಲದ ಅಚ್ಚು ಮುರಿದು ನೋಡದೆ ಯಾರಾದರೂ ರೇಟು ಹೇಳುತ್ತಾರಾ?

ನಾನು ಒಂದು ಸಲ ಹೇಳಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಐದಾರು ವರ್ಷದ ಹಿಂದೆ ಇಂಥದ್ದೇ ಒಂದು ಸೀಮಾಸ್ಟರ್ ಹರಾಜಿನಲ್ಲಿ ತಗೊಂಡೆ. ಡಯಲ್ ಫಳಫಳ ಅಂತಿತ್ತು. ಖುಷಿಯಲ್ಲಿ ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ನಾನು ಯಾವಾಗಲೂ ಹೋಗುವ ರಿಪೇರಿಯವರ ಮುಂದೆ ಇಟ್ಟೆ. ಅವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಒಂದು ನಿಮಿಷ ನೋಡಿದರು. ಏನೂ ಮಾತಾಡದೆ ಲೆನ್ಸನ್ನು ನನ್ನ ಕೈಗೇ ಕೊಟ್ಟರು. ಸೀಮಾಸ್ಟರ್ ಅನ್ನುವ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗಿತ್ತು. ನಿಮಿಷದ ಗೆರೆ ಒಂದು ಉದ್ದ, ಒಂದು ಗಿಡ್ಡ. ಹಳೇ ಡಯಲ್ ಕೆರೆದು ಯಾರೋ ಹೊಸದಾಗಿ ಬಣ್ಣ ಹೊಡೆದಿದ್ದರು. ಮುಚ್ಚಳ ತೆಗೆದರೆ ಒಳಗಿನ ಮೆಷಿನ್ ಒಮೆಗಾದ್ದೇ ಅಲ್ಲ. ‘ಪಟ್ಟಿ ಚೆನ್ನಾಗಿದೆ ಸಾರ್’ ಅಂದರು, ಅಷ್ಟೇ. ವಾಪಸ್ ತಗೊಳ್ಳುವುದಿಲ್ಲ ಅಂತ ನಿಯಮದಲ್ಲೇ ಇತ್ತು. ನಾನೇ ಓದಿರಲಿಲ್ಲ.

ಆ ಕಾಲದ ಒಮೆಗಾ ಆಟೊಮ್ಯಾಟಿಕ್ ಮೆಷಿನ್‌ಗೆ ತಾಮ್ರದ ಬಣ್ಣ ಇರುತ್ತದೆ, ಮೇಲೆ ಒಮೆಗಾ ಹೆಸರು, ಕ್ಯಾಲಿಬರ್ ನಂಬರ್ (ಅಂದರೆ ಮೆಷಿನ್ ಯಾವ ಮಾಡೆಲ್ ಅನ್ನುವುದು), ಸೀರಿಯಲ್ ನಂಬರ್ ಕೆತ್ತಿರುತ್ತಾರೆ. ಸೀರಿಯಲ್‌ನಿಂದ ಸುಮಾರಾಗಿ ಯಾವ ವರ್ಷದ್ದು ಅಂತ ಗೊತ್ತಾಗುತ್ತದೆ. ಮಾರುವವರು ಹೇಳುವ ವರ್ಷಕ್ಕೂ ಅದಕ್ಕೂ ತಾಳೆ ಆಗಬೇಕು. ‘ಮುಚ್ಚಳ ತೆಗೆಯೋಕೆ ಟೂಲ್ ಇಲ್ಲ’ ಅಂದರೆ ನಂಬಬೇಡಿ. ವಾಚ್ ಮಾರುವವರ ಹತ್ತಿರ ಅದು ಇಲ್ಲದೆ ಇರುತ್ತದಾ?

ಇನ್ನು ನಿಮ್ಮ ಐದನೇ ಫೋಟೊ. ಕತ್ತಲಲ್ಲಿ ತೆಗೆದದ್ದು, ಮುಳ್ಳುಗಳು ಹಸಿರಾಗಿ ಹೊಳೆಯುತ್ತಿವೆ. ನಿಮಗೆ ಅದೇ ಇಷ್ಟವಾಯಿತು ಅಂತ ಬರೆದಿದ್ದೀರಿ. ನನಗೆ ಅನುಮಾನ ಬಂದದ್ದೇ ಅದರಿಂದ. ಡಯಲ್‌ನಲ್ಲಿ 6ರ ಕೆಳಗೆ ಸ್ವಿಸ್ ಮೇಡ್ ಅನ್ನುವುದರ ಆಚೆ ಈಚೆ ಚಿಕ್ಕದಾಗಿ ‘ಟಿ’ ಅಕ್ಷರ ಇದೆ ನೋಡಿ. ಅದು ಟ್ರಿಟಿಯಂ, ಅಂದರೆ ಕತ್ತಲಲ್ಲಿ ಬಣ್ಣ ಹೊಳೆಯಲಿ ಅಂತ ಸೇರಿಸುತ್ತಿದ್ದ ವಿಕಿರಣ ವಸ್ತು, ಇದೆ ಅನ್ನುವ ಗುರುತು. ಟ್ರಿಟಿಯಂ 12 ವರ್ಷ ಚಿಲ್ಲರೆಗೆ ಅರ್ಧ ಆಗಿಬಿಡುತ್ತದೆ. 60ರ ದಶಕದಿಂದ ಇಲ್ಲಿಯವರೆಗೆ ಹತ್ತಿರ ಹತ್ತಿರ ಐದು ಸಲ ಅರ್ಧ ಆಗಿದೆ, ಅಂದರೆ ಮೂವತ್ತರಲ್ಲಿ ಒಂದು ಪಾಲು ಉಳಿದಿದ್ದರೆ ಹೆಚ್ಚು. ಅಷ್ಟು ಹಳೆಯದು ಈಗ ಹಾಗೆ ಹೊಳೆಯುವುದಿಲ್ಲ. ಮುಳ್ಳಿಗೆ ಯಾರೋ ಈಚೆಗೆ ಹೊಸ ಬಣ್ಣ ತುಂಬಿದ್ದಾರೆ, ಇಲ್ಲ ಮುಳ್ಳೇ ಬೇರೆ. ವಾಚ್ ಡೂಪ್ಲಿಕೇಟ್ ಅಂತ ಇದರ ಅರ್ಥ ಅಲ್ಲ. ಆದರೆ ‘ಎಲ್ಲಾ ಒರಿಜಿನಲ್’ ಅಂತ ಬರೆದಿದ್ದಾರಲ್ಲ, ಆ ರೇಟು ಕೊಡಬೇಡಿ.

ಡಯಲ್ ಅಕ್ಷರ ಮಾತ್ರ ನಿಮ್ಮದರಲ್ಲಿ ಚೊಕ್ಕವಾಗಿದೆ, ಅದು ಒಳ್ಳೆಯದು. ಕೇಸಿನ ಮೂಲೆಗಳು ಪಾಲಿಶ್ ಮಾಡಿ ಮಾಡಿ ಸ್ವಲ್ಪ ದುಂಡಗಾಗಿವೆ. ನನಗಾದರೆ ಗೀರು ಇದ್ದರೂ ಅಂಚು ಚೂಪಾಗಿರುವುದೇ ಇಷ್ಟ.

ಈಗ ದುಡ್ಡಿನ ಲೆಕ್ಕ. ಮೆಷಿನ್ ಫೋಟೊ ಸರಿಯಾಗಿ ಬಂದರೆ 45 ಸಾವಿರ, ಅದರ ಮೇಲೆ ಬೇಡ. ಕಡಿಮೆ ಅನ್ನಿಸಬಹುದು. ನೀವು ಹಾಕಿದ ನಿಯಮದ ಪ್ರಕಾರ ಕೊಳ್ಳುವವರ ಪ್ರೀಮಿಯಂ, ಅಂದರೆ ಕೂಗಿದ ಬೆಲೆಯ ಮೇಲೆ ಹರಾಜಿನವರು ತಗೊಳ್ಳುವ ಕಮಿಷನ್, 20%. ಅದು 9,000. ಆ ಪ್ರೀಮಿಯಂ ಮೇಲೆ ಜಿಎಸ್‌ಟಿ 18%, 1,620. ಕೊರಿಯರ್, ಇನ್ಶೂರೆನ್ಸ್ ಸೇರಿ ಒಂದು ಸಾವಿರ. ಅಲ್ಲಿಗೆ 56,620 ಆಯಿತು. ಸರ್ವಿಸ್ ಯಾವಾಗ ಆಗಿದೆ ಅಂತ ಅವರು ಹೇಳಿಲ್ಲ, ಆಗಿಲ್ಲ ಅಂತಲೇ ಇಟ್ಟುಕೊಂಡು ಎಂಟು ಸಾವಿರ ಸೇರಿಸಿ. 65 ಸಾವಿರದ ಹತ್ತಿರ ಬಂತು. ದೊಡ್ಡ ಹರಾಜಿನಲ್ಲೂ ಕಥೆ ಇದೇ. 2017ರಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನಲ್ಲಿ ಹರಾಜಾದಾಗ ಸುತ್ತಿಗೆ ಬಿದ್ದದ್ದು 155 ಲಕ್ಷ ಡಾಲರಿಗೆ, ಪ್ರೀಮಿಯಂ ಸೇರಿ ಕಟ್ಟಿದ್ದು 177 ಲಕ್ಷ ದಾಟಿತು. ಹೊರದೇಶದ ಸೈಟಿನಿಂದ ತರಿಸಿದರೆ ಕಸ್ಟಮ್ಸ್ ಬೇರೆ. ಸದ್ಯ ಆ ಕಡೆ ಹೋಗಲೇಬೇಡಿ.

ಕೂಗುವ ರೀತಿ. ನಿಮ್ಮ ಕೊನೆಯ ಮೊತ್ತವನ್ನು ಆಟೊ ಬಿಡ್‌ನಲ್ಲಿ ಹಾಕಿಬಿಡಿ. ಎದುರಿನವರು ಏರಿಸಿದಷ್ಟೇ ಅದು ಒಂದೊಂದು ಮೆಟ್ಟಿಲು ಏರಿಸುತ್ತದೆ, ಪೂರ್ತಿ 45ಕ್ಕೆ ಒಮ್ಮೆಲೇ ಹಾರುವುದಿಲ್ಲ. ಈಗಲೇ ಹಾಕಬೇಡಿ, ಸುಮ್ನೆ ರೇಟು ಏರುತ್ತದೆ. ಕೊನೆಯ ಕೆಲವು ನಿಮಿಷ ಇರುವಾಗ ಹಾಕಿ. ಕೊನೆಯಲ್ಲಿ ಬಿಡ್ ಬಂದರೆ ಟೈಮ್ ಮುಂದಕ್ಕೆ ಹೋಗುವ ಸೈಟುಗಳೂ ಇವೆ, ನಿಯಮದಲ್ಲಿ ನೋಡಿಕೊಳ್ಳಿ. ಅಲ್ಲೇ ಜಿದ್ದು ಶುರುವಾಗುವುದು. ಗಣಪತಿ ಬಿಡುವ ದಿನ ಹಾರದ ಹರಾಜಿನಲ್ಲಿ ಇಬ್ಬರು ಹಠಕ್ಕೆ ಬಿದ್ದು ಐನೂರರ ಹಾರ ಐದು ಸಾವಿರಕ್ಕೆ ಹೋಗುವುದನ್ನು ನೋಡಿದ್ದೀರಲ್ವಾ? ಅಲ್ಲಿ ದುಡ್ಡು ದೇವರ ಕೆಲಸಕ್ಕಾದರೂ ಹೋಗುತ್ತದೆ. ನಾನಂತೂ ಮೊತ್ತ ಹಾಕಿ, ಫೋನ್ ಮನೆಯವರ ಕೈಗೆ ಕೊಟ್ಟು ಕಾಫಿಗೆ ಹೋಗಿಬಿಡುತ್ತೇನೆ.

ಗೆದ್ದರೆ ದುಡ್ಡು ಸೈಟಿನ ಮೂಲಕವೇ ಕಟ್ಟಿ. ‘ಪ್ರೀಮಿಯಂ ಉಳಿಯುತ್ತದೆ, ನೇರ ಕಳಿಸಿ’ ಅಂತ ಮೆಸೇಜ್ ಬಂದರೆ ಕಳಿಸಬೇಡಿ. ಪಾರ್ಸಲ್ ಒಡೆಯುವಾಗ ಸೀಲ್ ಕಾಣುವ ಹಾಗೆ ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿ. ಹಾಗೆಯೇ ಕೈಗೆ ಬಂದ ದಿನವೇ ನೀರಿನಲ್ಲಿ ಮುಳುಗಿಸಿ ನೋಡಬೇಡಿ. ಹೆಸರಿನಲ್ಲಿ ಸಮುದ್ರ ಇದೆ ನಿಜ, ಒಳಗಿನ ರಬ್ಬರ್ ವಾಷರ್‌ಗೆ ಅದು ಗೊತ್ತಿರುವುದಿಲ್ಲ.

ಮೆಷಿನ್ ಫೋಟೊ ಬಂದರೆ ಇಲ್ಲೇ ಹಾಕಿ, ಸೀರಿಯಲ್‌ನ ಕೊನೆಯ ಎರಡು ಅಂಕಿ ಮುಚ್ಚಿ. ಹರಾಜು ಮುಗಿಯುವ ಮೊದಲು ನೋಡಿ ಹೇಳುತ್ತೇನೆ.