ಅಮೈನೋ ಆಮ್ಲ ಕಡಿಮೆಯಾದರೂ ಇಲಿ ಊಟ ಬಿಡುತ್ತದೆ, ಜಾಸ್ತಿಯಾದರೂ ಬಿಡುತ್ತದೆ. ಹೇಗೆ?

ಲ್ಯೂಸಿನ್ ಎಂಬ ಅಮೈನೋ ಆಮ್ಲ ಕೊಟ್ಟರೆ ಇಲಿಗಳು ಕಡಿಮೆ ತಿನ್ನುತ್ತವೆ ಅಂತ ಒಂದು ಕಡೆ ಓದಿದ್ದೀರಿ. ಅಮೈನೋ ಆಮ್ಲದ ಕೊರತೆಯಾದರೂ ಕಡಿಮೆ ತಿನ್ನುತ್ತವೆ ಅಂತ ಇನ್ನೊಂದು ಕಡೆ. ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಕೆಲವು ವರ್ಷ ಲ್ಯಾಬ್‌ನಲ್ಲಿ ಇಲಿಗಳ ಊಟ ತೂಗುವ ಕೆಲಸ ಮಾಡಿದ್ದೇನೆ. ಶುರುವಿನಲ್ಲಿ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು.

ಕೊರತೆಯ ವಿಷಯ ಮೊದಲು ನೋಡೋಣ. ಪ್ರೊಟೀನ್ ಕಟ್ಟಲು 20 ಅಮೈನೋ ಆಮ್ಲ ಬೇಕು. ಅವುಗಳಲ್ಲಿ ಸುಮಾರು ಅರ್ಧವನ್ನು ಇಲಿಯ ದೇಹ ತಾನೇ ಮಾಡಿಕೊಳ್ಳಲಾರದು. ಅಂಥ ಒಂದೇ ಒಂದನ್ನು ತೆಗೆದು ಊಟ ಇಟ್ಟರೆ ಇಲಿ ಅದನ್ನು ತಿನ್ನುವುದು ಕಡಿಮೆ ಮಾಡುತ್ತದೆ. ಹಾಗಂತ ಹಸಿವು ಹೋಗಿದೆಯಾ? ಇಲ್ಲ. ಹಳೆಯ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಅಮೈನೋ ಆಮ್ಲಗಳ ಅಳತೆ ತಪ್ಪಿದ ಊಟದ ಪಕ್ಕದಲ್ಲೇ ಪ್ರೊಟೀನೇ ಇಲ್ಲದ ಊಟ ಇಟ್ಟರು. ಇಲಿಗಳು ಆ ಪ್ರೊಟೀನ್ ಇಲ್ಲದ್ದನ್ನೇ ಆರಿಸಿಕೊಂಡವು! ಅಂದರೆ ಇಲಿ ಬೇಡ ಅನ್ನುತ್ತಿರುವುದು ಆ ಒಂದು ಊಟಕ್ಕೆ, ಊಟಕ್ಕೇ ಅಲ್ಲ.

ಇದು ಮೆದುಳಿಗೆ ಹೇಗೆ ಗೊತ್ತಾಗುತ್ತದೆ? ಜೀವಕೋಶದಲ್ಲಿ ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ ಬರಿಗೈಯಲ್ಲಿ ಉಳಿದರೆ ಜಿಸಿಎನ್-2 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಆ ಕಿಣ್ವ ಇಲ್ಲದ ಮೌಸ್‌ಗಳು (ಲ್ಯಾಬ್‌ನ ಚಿಕ್ಕ ಇಲಿಗಳು) ಕೊರತೆಯ ಊಟವನ್ನೂ ತಿನ್ನುತ್ತಾ ಹೋದವು ಎಂದು 2005ರಲ್ಲಿ ವರದಿಯಾಯಿತು. 2015ರಲ್ಲಿ ಇನ್ನೊಂದು ತಂಡಕ್ಕೆ ಕಿಣ್ವ ಇರುವ ಸಾಮಾನ್ಯ ಮೌಸ್‌ಗಳಲ್ಲೂ ಕೊರತೆಯ ಊಟವನ್ನು ತಕ್ಷಣ ಬಿಡುವುದು ಕಾಣಲಿಲ್ಲ. ಹಾಗಾಗಿ ಇಲ್ಲಿ ಚರ್ಚೆ ಮುಗಿದಿಲ್ಲ.

ಲ್ಯೂಸಿನ್ ಕಥೆ ಬೇರೆ. 2006ರಲ್ಲಿ ಅದನ್ನು ನೇರವಾಗಿ ಇಲಿಗಳ ಮೆದುಳಿಗೆ ಕೊಟ್ಟಾಗ ಹಸಿವನ್ನು ನೋಡಿಕೊಳ್ಳುವ ಹೈಪೋಥಲಾಮಸ್ ಭಾಗದಲ್ಲಿ ಎಮ್‌ಟಾರ್ ಎಂಬ, ಪೋಷಕಾಂಶ ಗುರುತಿಸುವ ಪ್ರೊಟೀನ್ ಚುರುಕಾಯಿತು, ಊಟ ಕಡಿಮೆಯಾಯಿತು. ಇದು 'ಸಾಕು' ಅನ್ನುವ ಸೂಚನೆ. ಆದರೆ ಬಾಯಿಯಿಂದ ಕೊಟ್ಟಾಗ ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರುವುದಿಲ್ಲ. ನೇರವಾಗಿ ಹೊಟ್ಟೆಗೆ ಕೊಟ್ಟ 2013ರ ಪ್ರಯೋಗದಲ್ಲಿ ಊಟವನ್ನು ಜೋರಾಗಿ ಕಡಿಮೆ ಮಾಡಿದ್ದು ಆರ್ಜಿನಿನ್, ಲೈಸಿನ್ ಮತ್ತು ಗ್ಲುಟಾಮಿಕ್ ಆಮ್ಲ ಎಂಬ ಬೇರೆ ಅಮೈನೋ ಆಮ್ಲಗಳು. ಮೊದಲ ಎರಡು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡಿದವು.

ಮೂರನೆಯದೂ ಒಂದಿದೆ. ಅಮೈನೋ ಆಮ್ಲಗಳ ಅಳತೆ ಸರಿಯಿದ್ದು ಒಟ್ಟು ಪ್ರೊಟೀನ್ ಮಾತ್ರ ಸ್ವಲ್ಪ ಕಡಿಮೆಯಿದ್ದರೆ ಇಲಿ ಜಾಸ್ತಿಯೇ ತಿನ್ನುತ್ತದೆ. ಆಗ ಲಿವರ್‌ನಿಂದ ಎಫ್‌ಜಿಎಫ್-21 ಹಾರ್ಮೋನ್ ಏರುತ್ತದೆ. ಅದಿಲ್ಲದ ಮೌಸ್‌ಗಳಲ್ಲಿ ಈ ಹೆಚ್ಚುವರಿ ಊಟ ಕಾಣುವುದಿಲ್ಲ.

ಇಂಥ ಪ್ರಬಂಧ ಓದುವಾಗ ದಯವಿಟ್ಟು ಎರಡು ವಿಷಯ ಹುಡುಕಿ. ಒಂದು, ಹೊಟ್ಟೆ ತೊಳಸಿ ಊಟ ಬಿಟ್ಟಿತೋ, ತುಂಬಿ ಬಿಟ್ಟಿತೋ ಅಂತ ನೋಡಿದ್ದಾರಾ? ಹೊಸ ರುಚಿಯ ನೀರಿನ ಜೊತೆ ಆ ಅಮೈನೋ ಆಮ್ಲ ಕೊಟ್ಟು, ಆಮೇಲೆ ಇಲಿ ಆ ನೀರನ್ನು ದೂರ ಮಾಡುತ್ತದಾ ಅಂತ ನೋಡಿದರೆ ತಿಳಿಯುತ್ತದೆ. ಇನ್ನೊಂದು, ಚೆಲ್ಲಿದ್ದನ್ನು ತೂಗಿದ್ದಾರಾ? ಇಷ್ಟವಾಗದ ಪುಡಿ ಊಟವನ್ನು ಇಲಿಗಳು ಕೆದಕಿ ಹೊರಗೆ ಹಾಕುತ್ತವೆ. ನಾನು 'ತಿಂದಿದೆ' ಅಂತ ಬರೆದಿಟ್ಟದ್ದರಲ್ಲಿ ಎಷ್ಟೋ ಪುಡಿ ಪಂಜರದ ಕೆಳಗಿನ ಕಾಗದದ ಮೇಲೆ ಬಿದ್ದಿತ್ತು. ಆ ವಾರದ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು.